ಬೋರ್ಡಿನಲ್ಲಿ ಬೆಳ್ಳುಳ್ಳಿ ಒಡೆದದ್ದು ಯಾಕೆ?

ಅವಲಾಂಚ್‌: ಊಟಿಯಿಂದ ಎಮರಾಲ್ಡ್ ದಾಟಿ ಅವಲಾಂಚ್ ಕಡೆಗೆ ಹೋಗುವ ರಸ್ತೆಯಲ್ಲಿ ಬಡಗ ರೈತರ ತೋಟಗಳು ಸಾಲಾಗಿ ಸಿಗುತ್ತವೆ. ಕ್ಯಾರೆಟ್, ಆಲೂಗಡ್ಡೆ, ಬೆಳ್ಳುಳ್ಳಿ. ಮೈಸೂರು, ಚಾಮರಾಜನಗರ ಕಡೆಯಿಂದ ಬರುವ ಪ್ರವಾಸಿಗರು ಗಾಡಿ ನಿಲ್ಲಿಸಲಿ ಎಂದು ದಾರಿ ಬದಿಯ ಅಂಗಡಿಗೆ ತಮಿಳು, ಕನ್ನಡ ಎರಡರಲ್ಲೂ ಬೋರ್ಡು ಹಾಕಿಸಬೇಕೆಂದರೆ ಊಟಿಗೆ ಹೋಗಬೇಕು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ಬಂದ ಬೋರ್ಡಿನಲ್ಲಿ ತಮಿಳು ಮುದ್ದಾಗಿರುತ್ತದೆ. ಕನ್ನಡದಲ್ಲಿ ಮಾತ್ರ ‘ಬೆಳ್‌ಳುಳ್‌ಳಿ’! ಮೇಲಿಂದ ಕೆಳಗಿನವರೆಗೆ ಬಿಳಿ ಗೆರೆಗಳು ಬೇರೆ. ಕೇಳಿದರೆ, “ಫೈಲ್‌ನಲ್ಲಿ ಇದ್ದಂಗೇ ಹೊಡೆದಿದೀವಿ ಸಾರ್” ಎಂಬ ಉತ್ತರ.

ಆ ಮಾತಿನಲ್ಲಿ ಅರ್ಧ ನಿಜವಿದೆ. ಒತ್ತು ಒಡೆಯುವುದು ಫೈಲಿನ ಕಾಯಿಲೆ, ಗೆರೆ ಬೀಳುವುದು ಯಂತ್ರದ ಕಾಯಿಲೆ. ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ದುಡ್ಡು ಕೊಡುವ ಮೊದಲೇ ಜಗಳ ತೀರುತ್ತದೆ.

ಮೊದಲು ಅಕ್ಷರದ ವಿಚಾರ. ನುಡಿ, ಬರಹ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಬರೆದ ಫೈಲು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜಾಗುತ್ತದೆ. ತಮಿಳು ಕೆಲಸವೇ ಹೆಚ್ಚಿರುವ ಅಂಗಡಿಯಲ್ಲಿ ಕನ್ನಡ ಫಾಂಟು ಇಲ್ಲದಿದ್ದರೆ ಅದೇನು ತಪ್ಪಲ್ಲ. ಯೂನಿಕೋಡ್‌ನಲ್ಲಿ ಬರೆದದ್ದಾದರೆ ತೊಂದರೆ ಬೇರೆ: ಹಳೆಯ ಡಿಸೈನ್ ಸಾಫ್ಟ್‌ವೇರುಗಳಿಗೆ ಕನ್ನಡದ ಒತ್ತನ್ನು ಅದರ ಜಾಗಕ್ಕೆ ಇಳಿಸಲು ಬರುವುದಿಲ್ಲ. ತಮಿಳಿನಲ್ಲಿ ನಮ್ಮ ಹಾಗೆ ಕೆಳಗೆ ಇಳಿಯುವ ಒತ್ತಕ್ಷರವೇ ಇಲ್ಲವಲ್ಲ, ಹಾಗಾಗಿ ಆಪರೇಟರ್ ಕಣ್ಣಿಗೂ ಅದು ತಪ್ಪೆಂದು ಕಾಣುವುದಿಲ್ಲ. ಮದ್ದು ಒಂದೇ. ಕನ್ನಡ ಬಲ್ಲವರ ಕೈಯಲ್ಲಿ ಅಕ್ಷರ ಜೋಡಿಸಿ, ‘ಕನ್ವರ್ಟ್ ಟು ಕರ್ವ್ಸ್’ ಮಾಡಿಸಿ ಕೊಡಿ. ಆಗ ಅಕ್ಷರ ಅಕ್ಷರವಾಗಿರದೆ ಚಿತ್ರವಾಗುತ್ತದೆ, ಯಾವ ಯಂತ್ರದಲ್ಲೂ ಒಡೆಯುವುದಿಲ್ಲ. ಆಮೇಲೆ ಕಾಗುಣಿತ ತಿದ್ದಲು ಆಗದು, ಮೂಲ ಫೈಲನ್ನೂ ಇಟ್ಟುಕೊಂಡಿರಿ.

ಫೋಟೋ ವಿಷಯಕ್ಕೆ ಒಂದು ಲೆಕ್ಕ. ಹತ್ತು ಅಡಿ ಎಂದರೆ 120 ಅಂಗುಲ. ದೂರದಿಂದ ನೋಡುವ ಬೋರ್ಡಿಗೆ ಅಂಗುಲಕ್ಕೆ 72 ಚುಕ್ಕಿ ಧಾರಾಳ ಸಾಕು. ಉದ್ದಕ್ಕೆ 8640 ಚುಕ್ಕಿ ಆಯಿತು. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಹಿಂಡಿ ಹೋಗಿ ಸುಮಾರು 1600 ಚುಕ್ಕಿಗೆ ಇಳಿದಿರುತ್ತದೆ, ಅಂದರೆ ಅಂಗುಲಕ್ಕೆ ಹದಿಮೂರೋ ಹದಿನಾಲ್ಕೋ! ಅದನ್ನು ಬೋರ್ಡಿನ ಉದ್ದಕ್ಕೂ ಎಳೆದರೆ ಕ್ಯಾರೆಟ್ ಯಾವುದು, ಕೆಂಪು ಮಸಿ ಯಾವುದು ಎಂದು ಗುರುತು ಹತ್ತುವುದಿಲ್ಲ. ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ.

ಚಳಿ ಹಿಡಿದ ಯಂತ್ರ

ಇನ್ನು ಗೆರೆಗಳು. ಈ ಯಂತ್ರದ ಹೆಡ್‌ನಲ್ಲಿ ಕೂದಲಿಗಿಂತ ಸಣ್ಣ ನೂರಾರು ತೂತುಗಳಿವೆ, ನಾಜಲ್ ಅಂತಾರೆ. ವಿದ್ಯುತ್ ಮಿಡಿತಕ್ಕೆ ಒಂದೊಂದು ತೂತಿನಿಂದಲೂ ಇಂಕಿನ ಹನಿ ಚಿಮ್ಮುತ್ತದೆ. ಇಂಕು ಬಿಸಿಯಿದ್ದರೆ ತೆಳ್ಳಗೆ, ತಣ್ಣಗಾದರೆ ಮಂದ. ಹಸಿ ಜೇನುತುಪ್ಪ ಚಳಿಯಲ್ಲಿ ಸುರಿಯುವ ಹಾಗೆ ಎಂದಿಟ್ಟುಕೊಳ್ಳಿ. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುವ ಊರು. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಯಂತ್ರ ಓಡಿಸಿದರೆ ಹನಿ ಸರಿಯಾಗಿ ಬೀಳದೆ ಗೆರೆ ಬೀಳುತ್ತದೆ. ಕೋಣೆಯನ್ನು 20 ಡಿಗ್ರಿಯ ಮೇಲೆ ಬೆಚ್ಚಗೆ ಮಾಡಿ, ಯಂತ್ರದ ಹೀಟರ್ ಕಾದ ಮೇಲೆಯೇ ಶುರು ಮಾಡಬೇಕು. ಬೆಳಗಿನ ಮೊದಲ ಬೋರ್ಡು ನಿಮ್ಮದಾಗದಂತೆ ನೋಡಿಕೊಳ್ಳುವುದು ಜಾಣತನ!

ಫ್ಲೆಕ್ಸ್ ರೋಲಿಗೂ ಚಳಿ ಹಿಡಿಯುತ್ತದೆ. ಗೋದಾಮಿನ ತಣ್ಣನೆಯ ರೋಲನ್ನು ಬೆಚ್ಚನೆಯ ಕೋಣೆಗೆ ತಂದರೆ ಫ್ರಿಜ್‌ನಿಂದ ತೆಗೆದ ಬಾಟಲಿಯಂತೆ ಮೈಮೇಲೆ ನೀರು ಕೂರುತ್ತದೆ, ಇಂಕು ಹಿಡಿಯುವುದಿಲ್ಲ. ಸೆಡೆತ ಫ್ಲೆಕ್ಸ್ ಅಂಚಿನಲ್ಲಿ ಮೇಲೆದ್ದು ಓಡುವ ಹೆಡ್‌ಗೆ ಉಜ್ಜುತ್ತದೆ. ಇಡೀ ಯಂತ್ರದಲ್ಲಿ ತುಂಬ ದುಬಾರಿ ಭಾಗಗಳಲ್ಲಿ ಹೆಡ್ ಒಂದು. ರೋಲನ್ನು ಹಿಂದಿನ ದಿನವೇ ಯಂತ್ರದ ಕೋಣೆಯಲ್ಲಿ ಇಟ್ಟರೆ ಈ ತಾಪತ್ರಯ ಇಲ್ಲ.

ಗೆರೆ ಬಿದ್ದ ಕೂಡಲೇ ಹೆಡ್ ತೊಳೆಯಲು ಕೂರುವವರು ಬಹಳ. ಅದು ಅವಸರ. ಮೊದಲು ನಾಜಲ್ ಟೆಸ್ಟ್ ಹೊಡೆಸಬೇಕು. ಟೆಸ್ಟಿನಲ್ಲಿಯೇ ಗೆರೆ ತುಂಡಾಗಿದ್ದರೆ ತೂತು ಕಟ್ಟಿದೆ ಅಂತ ಅರ್ಥ: ಅದೇ ಇಂಕಿಗೆ ಹೊಂದುವ ತೊಳೆಯುವ ದ್ರಾವಣ, ನೂಲು ಬಿಡದ ಬಟ್ಟೆ, ನಿಧಾನ. ಟೆಸ್ಟು ಸರಿ ಇದ್ದು ಬೋರ್ಡಿನಲ್ಲಿ ಸಮ ಅಂತರಕ್ಕೆ ಗೆರೆ ಬರುತ್ತಿದ್ದರೆ ಹೆಡ್ ಮುಟ್ಟಲೇಬೇಡಿ. ಬಿಳಿ ಗೆರೆಯಾದರೆ ರೋಲು ಒಂದೊಂದು ಹೆಜ್ಜೆಗೂ ಹೆಚ್ಚು ಮುಂದೆ ಸರಿಯುತ್ತಿದೆ. ಕಪ್ಪು ಗೆರೆಯಾದರೆ ಕಡಿಮೆ ಸರಿದು ಒಂದರ ಮೇಲೊಂದು ಕೂತಿದೆ. ಫೀಡ್ ಅಳತೆ ತಿದ್ದಿದರೆ ಮುಗಿಯಿತು. ಅಕ್ಷರದ ಅಂಚು ಎರಡೆರಡಾಗಿ ಕಂಡರೆ ಹೋಗುವಾಗಿನ ಹನಿಗೂ ಬರುವಾಗಿನ ಹನಿಗೂ ತಾಳೆ ತಪ್ಪಿದೆ. ಸುತ್ತ ಮಸಿ ದೂಳಿನಂತೆ ಹರಡಿದ್ದರೆ ಹೆಡ್ ತೀರ ಮೇಲಿರಬಹುದು. ಎರಡು ಕಂಪನಿಯ ಇಂಕು ಬೆರೆಸಿ ಉಳಿತಾಯ ಮಾಡುವವರಿಗೆ ಏನು ಹೇಳಿದರೂ ಪ್ರಯೋಜನವಿಲ್ಲ, ಹೆಡ್ಡೇ ಹೇಳುತ್ತದೆ.

ಚಳಿಯೆಂದು ಕಿಟಕಿ, ಬಾಗಿಲು ಮುಚ್ಚಿ ಕೆಲಸ ಮಾಡುವ ರೂಢಿ ಬೆಟ್ಟದ ಮೇಲಿದೆ. ಸಾಲ್ವೆಂಟ್ ಇಂಕಿನ ಹಬೆ ಹೊರಗೆ ಹೋಗದಿದ್ದರೆ ಬೋರ್ಡೂ ಒಣಗದು, ಆಪರೇಟರ್ ತಲೆಯೂ ನೆಟ್ಟಗಿರದು. ಹಬೆ ಎಳೆಯುವ ಫ್ಯಾನು ಇರಲೇಬೇಕು. ಒಣಗದೆ ಸುತ್ತಿಕೊಟ್ಟ ಬೋರ್ಡು ಮನೆಗೆ ಬರುವಷ್ಟರಲ್ಲಿ ಬೆನ್ನಿಗೆ ಅಂಟಿರುತ್ತದೆ.

ಫ್ಲೆಕ್ಸೋ, ಬಟ್ಟೆಯೋ?

ಗಡಿ ದಾಟುವ ಬೋರ್ಡಿಗೆ ಇನ್ನೊಂದು ತೊಡಕಿದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. ಊಟಿಯಲ್ಲಿ ಹೊಡೆಸಿ ಗುಂಡ್ಲುಪೇಟೆ ಮಂಡಿ ಎದುರು ಕಟ್ಟಿದರೂ ಅದು ಫ್ಲೆಕ್ಸೇ. ತಮಿಳುನಾಡಿನಲ್ಲೂ 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ಅದೇ ವರ್ಷ ಸೆಪ್ಟೆಂಬರ್ 12ರಂದು ಚೆನ್ನೈನ ಪಳ್ಳಿಕರಣೈಯಲ್ಲಿ ಅನುಮತಿಯಿಲ್ಲದ ಬ್ಯಾನರ್ ಬಿದ್ದು ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯೊಬ್ಬಳು ಲಾರಿಗೆ ಸಿಕ್ಕಿ ಸತ್ತ ಮೇಲೆ ಬ್ಯಾನರ್ ಕಟ್ಟುವವರ ಮೇಲೆ ಕಣ್ಣು ಜಾಸ್ತಿ. ಸ್ಥಳೀಯ ಆಡಳಿತವನ್ನು ಕೇಳಿಯೇ ಕಟ್ಟಿ.

ಬಟ್ಟೆಯ ಮೇಲೂ ಇದೇ ಯಂತ್ರದಲ್ಲಿ ಹೊಡೆಯಬಹುದು. ಆದರೆ ಮಾಮೂಲಿ ಬಟ್ಟೆಯಾದರೆ ಇಂಕು ಹೀರಿ ಹರಡಿಬಿಡುತ್ತದೆ. ಲೇಪವಿರುವ ಬಟ್ಟೆಯನ್ನೇ ಕೇಳಬೇಕು. ತೇವ ಹೀರಿದ ಬಟ್ಟೆ ಸೊಟ್ಟಗೆ ಓಡುತ್ತದೆ, ಮಳೆಗಾಲದಲ್ಲಿ ರೋಲನ್ನು ಪ್ಲಾಸ್ಟಿಕ್ಕಿನಲ್ಲೇ ಸುತ್ತಿಡಬೇಕಾಗುತ್ತದೆ. ವಿಚಿತ್ರ, ಆದರೆ ಹಾಗೆ.

ಅವಲಾಂಚ್ ಮಳೆ ಎಂದರೆ ಸುಮ್ಮನೆ ಅಲ್ಲ. 2019ರ ಆಗಸ್ಟ್ 8ರ ಬೆಳಗಿಗೆ ಮುಗಿದ ಒಂದೇ ದಿನದಲ್ಲಿ ಇಲ್ಲಿ ಬಿದ್ದದ್ದು 820 ಮಿಲಿಮೀಟರ್. ಅಂಥದ್ದಕ್ಕೆ ಯಾವ ಬೋರ್ಡೂ ನಿಲ್ಲದು. ಸಾಮಾನ್ಯ ಗಾಳಿ ಮಳೆಗಾದರೆ ಅಂಚನ್ನು ಮಡಿಸಿ ಅಂಟಿಸಿ, ಎರಡಡಿಗೊಂದು ಐಲೆಟ್ ಹಾಕಿಸಿ, ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ. ಬಿಸಿಲಿಗೆ ಹಳದಿ, ಕೆಂಪು ಬೇಗ ಹಾರಿ ನೀಲಿ ಉಳಿಯುತ್ತದೆ. ಬೆಲೆ, ಫೋನ್ ನಂಬರನ್ನು ಕಪ್ಪಿನಲ್ಲೇ ಹಾಕಿಸಿ. ಪೂರ್ತಿ ಹೊಡೆಯುವ ಮೊದಲು ‘ಬೆಳ್ಳುಳ್ಳಿ’ ಎಂಬ ಮಾತಿರುವ ಒಂದಡಿ ತುಂಡನ್ನು ಹೊಡೆಸಿ, ಅಂಗಡಿಯ ಹೊರಗೆ ಬೆಳಕಿಗೆ ಹಿಡಿದು ನೋಡಿ. ಎರಡು ಒತ್ತೂ ಇದ್ದರೆ ಮುಂದಿನ ಒಂಬತ್ತು ಅಡಿಗೆ ‘ಸರಿ ಅಣ್ಣಾ, ಓಡ್ಸು’ ಅನ್ನಬಹುದು.