ಅಕ್ಕನ ಟೇಪ್‌ರೆಕಾರ್ಡರಿನಲ್ಲಿ ಮತ್ತೆ ಧಾರವಾಡ

“ತಮ್ಮಾ, ಧಾರವಾಡ ಬಂದ್ ಆತೇನೋ?”

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯಿಂದ ಫೋನ್ ಮಾಡಿ ನನ್ನ ಅಕ್ಕ ಕೇಳಿದ ಮೊದಲ ಮಾತು ಇದು. ಊಟ ಆಯಿತೇ, ಮೊಣಕಾಲು ಹೇಗಿದೆ ಎಂಬುದೆಲ್ಲ ಆಮೇಲೆ. ಅಕ್ಕನಿಗೀಗ 84. ಗ್ಲಾಕೋಮಾದಿಂದ ಕಣ್ಣು ಹೆಚ್ಚುಕಡಿಮೆ ಹೋಗಿದೆ. ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ತಿಳಿಯುತ್ತದೆಯೇ ಹೊರತು ಯಾರೆಂದು ತಿಳಿಯುವುದಿಲ್ಲ. ಮಗ ಪುಣೆಯಲ್ಲಿ. ಮನೆಯಲ್ಲಿ ಟಿವಿ ಇದೆ, ಆದರೆ ಅದರ ಬಗ್ಗೆ ಅವಳ ತೀರ್ಪು ಬೇರೆ: “ಟಿವಿಯಾಗಿನವರು ತಮ್ಮ ತಮ್ಮೊಳಗ ಮಾತಾಡ್ತಾರ. ರೇಡಿಯೋದಾಗಿನವರು ನನ್ನ ಜೋಡಿ ಮಾತಾಡ್ತಾರ.”

“ಬಂದ್ ಆಗಿಲ್ಲಕ್ಕಾ” ಎಂದೆ.

“ಮತ್ತ ಬರೇ ಗರ್ರ್ ಅಂತೈತಿ. ವಾರ್ತಾ ಇಲ್ಲ, ಹಾಡಿಲ್ಲ. ಹೊತ್ತು ಹೋಗೂದ ತಿಳೀವಲ್ದು.”

ಕಡೆಯ ಮಾತು ನನಗೆ ನಾಟಿತು. ಕಣ್ಣಿಲ್ಲದವರಿಗೆ ರೇಡಿಯೋ ಎಂದರೆ ಗಡಿಯಾರ ಕೂಡ. ಚಿಂತನ ಬಂದರೆ ಬೆಳಗಾಯಿತು, ಪ್ರದೇಶ ಸಮಾಚಾರ ಬಂದರೆ ಚಹಾ ಹೊತ್ತು, ಕೃಷಿರಂಗ ಬಂದರೆ ದೀಪ ಹಚ್ಚಬೇಕು. ಅದು ನಿಂತರೆ ದಿನವೆಲ್ಲ ಒಂದೇ ಕತ್ತಲೆ.

ಅಕ್ಕನ ಮನೆಯಲ್ಲಿರುವ ಆ ಪೆಟ್ಟಿಗೆ, ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ಒಂದರಲ್ಲೇ ಇರುವ ‘ಟೂ ಇನ್ ಒನ್’, ನಾನೇ 1986ರಲ್ಲಿ ಕೊಡಿಸಿದ್ದು. ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದ ನಾನು ಸೇವೆಯನ್ನೆಲ್ಲ ವಿಜಯಪುರ ಜಿಲ್ಲೆಯಲ್ಲೇ ಸವೆಸಿದವನು. ಮೊದಲು ಬಸವನ ಬಾಗೇವಾಡಿ, ಆಮೇಲೆ ಸಿಂದಗಿ, ಮುದ್ದೇಬಿಹಾಳ, ಕೊನೆಗೆ ಇಂಡಿ. ನಿವೃತ್ತನಾಗಿ ಇಂಡಿಯಲ್ಲೇ ಉಳಿದೆ, ಲಿಂಬೆ ತೋಟಗಳ ನಡುವೆ. ಬಾಗೇವಾಡಿಯ ಬಾಡಿಗೆ ಕೋಣೆಯಲ್ಲಿ ನನ್ನ ಮೊದಲ ಟ್ರಾನ್ಸಿಸ್ಟರ್ ಇತ್ತು. ಮಕ್ಕಳೇ, ಆಗ ರೇಡಿಯೋ ಇಟ್ಟುಕೊಳ್ಳಲು ಸರಕಾರದ ಲೈಸೆನ್ಸ್ ಬೇಕಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಅಂಚೆ ಕಚೇರಿಯಲ್ಲಿ ಹಣ ಕಟ್ಟಿದರೆ ಪಾಸ್‌ಬುಕ್ಕಿನಂಥ ಪುಸ್ತಕದಲ್ಲಿ ಚೀಟಿ ಅಂಟಿಸಿ ಮುದ್ರೆ ಒತ್ತುತ್ತಿದ್ದರು. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು. ಮುದ್ದೇಬಿಹಾಳದಲ್ಲಿದ್ದಾಗ ಮೂರು ವರ್ಷ ಅಕ್ಕನ ಕೈಯ ರೊಟ್ಟಿ ತಿಂದೆ. ವರ್ಗವಾದಾಗ ಆ ಋಣಕ್ಕೆಂದು ಈ ಟೂ ಇನ್ ಒನ್ ಕೊಟ್ಟು ಬಂದೆ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ವರಕವಿ ಬೇಂದ್ರೆಯವರು ಅದಕ್ಕೆ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತದ ಸಲಹೆಗಾರರಾಗಿದ್ದರು. ‘ಆಕಾಶವಾಣಿ’ ಎಂಬ ಹೆಸರಂತೂ ಕರ್ನಾಟಕದ್ದೇ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ನಡೆಸಿದ ಪುಟ್ಟ ಬಾನುಲಿ ನಿಲಯಕ್ಕೆ ಇಟ್ಟ ಹೆಸರದು. ನಮ್ಮ ಭಾಗದ ಹಳ್ಳಿಗಳಿಗೆ ಮಾತ್ರ ಆಕಾಶವಾಣಿ ಎಂದರೆ ಧಾರವಾಡ, ಮುಳ್ಳು 765ಕ್ಕೆ ನಿಂತಿರಬೇಕು.

ಇರಲಿ, ಗರ್ರ್ ಎಂಬ ಸದ್ದಿಗೆ ಬರೋಣ.

ಮರುವಾರ ಬಸ್ಸು ಹತ್ತಿ ಅಕ್ಕನ ಊರಿಗೆ ಹೋದೆ. ಪೆಟ್ಟಿಗೆ ಕೆಟ್ಟಿರಬಹುದೆಂದು ನನ್ನ ಸಣ್ಣ ಟ್ರಾನ್ಸಿಸ್ಟರನ್ನೂ ಒಯ್ದಿದ್ದೆ. ಅದರಲ್ಲೂ ಅದೇ ಗರ್ರ್. ಅದನ್ನು ಹಿಡಿದು ಕೋಣೆ ಕೋಣೆ ತಿರುಗಿದೆ. ಅಡುಗೆಮನೆಯ ಎಲ್‌ಇಡಿ ಬಲ್ಬಿನ ಕೆಳಗೆ ಸದ್ದು ಹೆಚ್ಚಿತು, ಬಲ್ಬು ಆರಿಸಿದಾಗ ತಗ್ಗಿತು. ಮೊಬೈಲ್ ಚಾರ್ಜರಿನ ಹತ್ತಿರವೂ ಹಾಗೆಯೇ. ಕಾರಣ ಸರಳ. ಈ ಬಲ್ಬು, ಚಾರ್ಜರುಗಳು ಒಳಗಡೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ಆರಿಸುತ್ತವೆ. ಅಗ್ಗದವುಗಳಲ್ಲಿ ಆ ಕಿರಿಕಿರಿಯನ್ನು ತಡೆಯುವ ಭಾಗಗಳು ಇರುವುದಿಲ್ಲ, ಅದು ರೇಡಿಯೋ ಅಲೆಯಾಗಿ ಹೊರಗೆ ಸೋರುತ್ತದೆ. ಮೀಡಿಯಂ ವೇವ್ ರೇಡಿಯೋಗೆ ಇದು ನೇರ ಶತ್ರು. ಎಫ್‌ಎಂಗೆ ಇಷ್ಟು ತೊಂದರೆಯಿಲ್ಲ, ಆದರೆ ಎಫ್‌ಎಂ ದೂರ ಹೋಗುವುದಿಲ್ಲ. ವಿಜಯಪುರದ ಎಫ್‌ಎಂ ಅಕ್ಕನ ಊರು ಮುಟ್ಟುವಷ್ಟರಲ್ಲಿ ದಣಿದಿರುತ್ತದೆ.

ಹಣ ಖರ್ಚು ಮಾಡುವ ಮೊದಲು ಯಾರು ಬೇಕಾದರೂ ಮಾಡಬಹುದಾದ ಒಂದು ಕೆಲಸವಿದೆ. ರೇಡಿಯೋವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿ. ಮೀಡಿಯಂ ವೇವಿನ ಆಂಟೆನಾ ಪೆಟ್ಟಿಗೆಯೊಳಗಿನ ಫೆರೈಟ್ ಕಡ್ಡಿ. ಅದು ಒಂದು ದಿಕ್ಕಿಗೆ ಚೆನ್ನಾಗಿ ಹಿಡಿಯುತ್ತದೆ, ಇನ್ನೊಂದು ದಿಕ್ಕಿಗೆ ಹಿಡಿಯುವುದಿಲ್ಲ. ನನ್ನ ಇಂಡಿಯ ಮನೆಯಲ್ಲಿ ಇಷ್ಟರಿಂದಲೇ ಅರ್ಧ ಗದ್ದಲ ಹೋಗಿತ್ತು. ಅಕ್ಕನ ಮನೆಯಲ್ಲಿ ಹೋಗಲಿಲ್ಲ. ಗೋಡೆಯಾಚೆಯ ಮನೆಯಲ್ಲೂ ಎಲ್‌ಇಡಿ, ಬೀದಿದೀಪವೂ ಎಲ್‌ಇಡಿ. ಊರಿನ ಬೆಳಕನ್ನೆಲ್ಲ ಆರಿಸಿ ಎನ್ನಲಾಗುತ್ತದೆಯೇ?

ಆಗ ನೆನಪಾದದ್ದು ಇಂಟರ್ನೆಟ್ ರೇಡಿಯೋ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಎಂಬ ಆಪ್ ಇದೆ, ಪುಕ್ಕಟೆ. ದೇಶದ ಇನ್ನೂರಕ್ಕೂ ಹೆಚ್ಚು ಆಕಾಶವಾಣಿ ಕೇಂದ್ರಗಳು ಅದರಲ್ಲಿವೆ. ಧಾರವಾಡವಿದೆ, ಕಲಬುರಗಿ ಇದೆ, ವಿವಿಧ ಭಾರತಿ ಇದೆ. 2016ರಲ್ಲಿ ಶುರುವಾದ, ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ ಕೊಡುವ ‘ರಾಗಂ’ ಇದೆ. ದನಿ ಗಾಜಿನಷ್ಟು ಸ್ವಚ್ಛ.

ಆದರೆ ಯಾವುದರಲ್ಲಿ ಕೇಳಿಸುವುದು? ಇಂಟರ್ನೆಟ್ ರೇಡಿಯೋ ಎಂದೇ ತಯಾರಾದ ಪೆಟ್ಟಿಗೆಯ ಬೆಲೆ ಕೇಳಿದೆ. ನನ್ನ ಅರ್ಧ ತಿಂಗಳ ಪಿಂಚಣಿ. ಮಾತು ಕೇಳಿ ಹಾಡುವ ಸ್ಪೀಕರ್ ಇನ್ನೂ ಅಗ್ಗ, ಆದರೆ ಅಂಗಡಿಯಲ್ಲಿ ನನಗೆ ತೋರಿಸಿದ್ದು ಇಂಗ್ಲಿಷ್, ಹಿಂದಿ ಮಾತ್ರ ಕೇಳುತ್ತಿತ್ತು. ಅಕ್ಕ ಅದಕ್ಕೆ “ಧಾರವಾಡ ಹಚ್ಚೋ” ಎಂದರೆ ಅದು ಏನನ್ನು ಹಚ್ಚುತ್ತಿತ್ತೋ!

ಮೊಮ್ಮಗನ ಕಪಾಟಿನಲ್ಲಿ ಹಳೆಯ ಮೊಬೈಲ್ ಒಂದು ಬಿದ್ದಿತ್ತು. ಗಾಜಿನ ಮೂಲೆ ಒಡೆದಿದೆ, ಕ್ಯಾಮೆರಾ ಮಸುಕು. ರೇಡಿಯೋಗೆ ಅವೆರಡೂ ಬೇಡ. ಸಿಮ್ ಕೂಡ ಬೇಡ, ವೈಫೈ ಸಾಕು. ಒಂದು ಸಣ್ಣ ಬ್ಲೂಟೂತ್ ಸ್ಪೀಕರನ್ನು 600 ರೂಪಾಯಿಗೆ ಕೊಂಡೆ. ಎಲ್ಲ ಜೋಡಿಸಿ, ಹಿಗ್ಗಿನಿಂದ ಅಕ್ಕನ ಮುಂದಿಟ್ಟು, ಎಲ್ಲಿ ಒತ್ತಬೇಕೆಂದು ಅವಳ ಬೆರಳು ಹಿಡಿದು ತೋರಿಸಿ ಇಂಡಿಗೆ ಮರಳಿದೆ.

ಮೂರನೆಯ ದಿನ ಫೋನ್ ಬಂತು. “ಅದು ಏನೋ ಬ್ಯಾರೆ ಭಾಷಾ ಮಾತಾಡಾಕತ್ತೈತಿ. ಡಬ್ಬಿಯೊಳಗ ಇಟ್ಟೀನಿ, ಬಂದಾಗ ಒಯ್ಯಿ.”

ತಪ್ಪು ನನ್ನದೇ. ಬ್ಯಾಂಕಿನಲ್ಲಿ ಕಂಪ್ಯೂಟರ್ ಬಂದಾಗ ನಾನೇ ಗೊಣಗಿದ್ದೆ. ಈಗ ಕಣ್ಣಿಲ್ಲದ ಮುದುಕಿಗೆ ನುಣುಪು ಗಾಜನ್ನು ಕೊಟ್ಟು ಬಂದಿದ್ದೆ. ಗಾಜಿನ ಮೇಲೆ ಬೆರಳಿಗೆ ಸಿಗುವಂಥದ್ದು ಏನಿದೆ? ಅವಳಿಗೆ ಬೇಕಾದದ್ದು ಹೊಸ ಯಂತ್ರವಲ್ಲ, ನಲವತ್ತು ವರ್ಷದಿಂದ ಕೈಗೆ ಗೊತ್ತಿರುವ ಆ ಗುಂಡಿ. ತಿರುವಿದರೆ ಟಕ್ ಎನ್ನಬೇಕು, ದನಿ ಬರಬೇಕು.

ಸಿಂದಗಿಯಲ್ಲಿ ನನಗೆ ಪರಿಚಯದ ರೇಡಿಯೋ ಮೆಕ್ಯಾನಿಕ್ ಒಬ್ಬರಿದ್ದಾರೆ. ಹಿಂದೆ ವಾಲ್ವ್ ಸೆಟ್ಟು ರಿಪೇರಿ ಮಾಡುತ್ತಿದ್ದವರು. ಈಗ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ, ಇವರು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾರೆ. ನನ್ನ ಗೋಳು ಕೇಳಿ ಎದ್ದರು, ಹಳೆಯ ಡ್ರಾಯರ್ ಕೆದಕಿದರು. ಕ್ಯಾಸೆಟ್ಟೊಂದನ್ನು ತೆಗೆದರು, ಅದಕ್ಕೆ ಬಾಲದಂತೆ ಒಂದು ವೈರು. ಕಾರುಗಳಲ್ಲಿ ಕ್ಯಾಸೆಟ್ ಇದ್ದ ಕಾಲದಲ್ಲಿ ಬಳಸುತ್ತಿದ್ದ ಕ್ಯಾಸೆಟ್ ಅಡಾಪ್ಟರ್ ಅದು. 150 ರೂಪಾಯಿ ತೆಗೆದುಕೊಂಡರು.

ಮಕ್ಕಳೇ, ಇದರ ಚಮತ್ಕಾರ ನೋಡಿ. ಇದರೊಳಗೆ ಟೇಪು ಇಲ್ಲ. ಟೇಪ್‌ರೆಕಾರ್ಡರಿನ ‘ಹೆಡ್’ ಎಂಬ ಭಾಗ ಟೇಪಿನ ಮೇಲಿನ ಅಯಸ್ಕಾಂತದ ಏರಿಳಿತವನ್ನು ಓದಿ ಹಾಡಾಗಿಸುತ್ತದೆ. ಅಡಾಪ್ಟರಿನಲ್ಲಿ ಟೇಪಿನ ಜಾಗದಲ್ಲಿ ಇನ್ನೊಂದು ಪುಟ್ಟ ಹೆಡ್ ಇದೆ. ಫೋನಿನಿಂದ ವೈರಿನಲ್ಲಿ ಬಂದ ಸಂಕೇತವನ್ನು ಅದು ಅಯಸ್ಕಾಂತದ ಏರಿಳಿತವಾಗಿ ಎದುರಿನ ಹೆಡ್ಡಿಗೆ ದಾಟಿಸುತ್ತದೆ. ಪೆಟ್ಟಿಗೆ ಪಾಪ, ಕ್ಯಾಸೆಟ್ ಓಡುತ್ತಿದೆ ಎಂದೇ ತಿಳಿಯುತ್ತದೆ. ಅಕ್ಕನ ಟೂ ಇನ್ ಒನ್‌ನ ಬೆಲ್ಟು ಹರಿದು ಹದಿನೈದು ವರ್ಷವಾಗಿತ್ತು, ಕ್ಯಾಸೆಟ್ ತಿರುಗುತ್ತಿರಲಿಲ್ಲ. ಆದರೆ ಇದಕ್ಕೆ ತಿರುಗುವುದೇ ಬೇಡ, ಹೆಡ್ ಸರಿ ಇದ್ದರೆ ಸಾಕು. ಫೋನಿಗೆ ಇಯರ್‌ಫೋನಿನ ಗುಂಡು ತೂತು ಇರಬೇಕು. ಹಳೆಯ ಫೋನುಗಳಿಗೆ ಅದು ಇರುತ್ತದೆ, ಹೊಸ ದುಬಾರಿ ಫೋನುಗಳಲ್ಲೇ ಕಾಣೆ.

ನಿಮ್ಮ ಮನೆಯ ಟೇಪ್‌ರೆಕಾರ್ಡರಿಗೆ ‘ಆಕ್ಸ್’ ಅಥವಾ ‘ಲೈನ್ ಇನ್’ ಎಂಬ ತೂತು ಇದ್ದರೆ ಅಡಾಪ್ಟರೂ ಬೇಡ. ಎರಡೂ ತುದಿಗೆ ಪಿನ್ನಿರುವ ವೈರು ಸಾಕು.

ಇನ್ನುಳಿದದ್ದು ಇಂಟರ್ನೆಟ್. ಯಂತ್ರ ಒಂದು ಸಲದ ಖರ್ಚು, ರೀಚಾರ್ಜ್ ತಿಂಗಳು ತಿಂಗಳ ಖರ್ಚು. ಅಗ್ಗವೋ ದುಬಾರಿಯೋ ಎಂಬುದು ಎರಡನೆಯದರಲ್ಲೇ ನಿರ್ಧಾರವಾಗುತ್ತದೆ. ಅಕ್ಕನ ಪಕ್ಕದ ಮನೆಯಲ್ಲಿ ವೈಫೈ ಇದೆ, ಗೋಡೆ ದಾಟಿ ಬರುತ್ತದೆ. ಕೇಳಲು ಸಂಕೋಚ. ಹಾಗಾಗಿ ಹಳೆಯ ಅಭ್ಯಾಸದಂತೆ ಲೆಕ್ಕ ಬರೆದುಕೊಂಡೇ ಹೋದೆ. ಪ್ರಸಾರ 64 ಕಿಲೋಬಿಟ್ ವೇಗದ್ದೆಂದು ಹಿಡಿಯಿರಿ. 8 ಬಿಟ್ಟಿಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಗಂಟೆಗೆ 3,600 ಸೆಕೆಂಡ್. ಗುಣಿಸಿದರೆ 28,800, ಸುಮಾರು 29 ಎಂಬಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 16 ಗಂಟೆ ಬಿಡದೆ ಓಡಿದರೂ 460 ಎಂಬಿ ಆಸುಪಾಸು. ವೇಗ ಇಮ್ಮಡಿಯಾದರೆ ಇದರ ದುಪ್ಪಟ್ಟು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಯಾಕಿನಲ್ಲೂ ಇದು ದಕ್ಕುತ್ತದೆ. ಹುಡುಗರು ನೋಡುವ ವಿಡಿಯೊ ಗಂಟೆಯೊಂದಕ್ಕೇ ಇದಕ್ಕಿಂತ ಹೆಚ್ಚು ತಿನ್ನಬಲ್ಲದು.

ಪಕ್ಕದ ಮನೆಯಾತ ಚೀಟಿ ನೋಡಿ ನಕ್ಕ. “ಕಾಕಾ, ಇದಕ್ಕ ಲೆಕ್ಕಾ ಯಾಕ ತಂದ್ರಿ?” ಎಂದು ಪಾಸ್‌ವರ್ಡ್ ಬರೆದು ಕೊಟ್ಟ.

ಏರ್ಪಾಡು ಹೀಗಾಯಿತು. ಫೋನ್ ಟೇಪ್‌ರೆಕಾರ್ಡರಿನ ಹಿಂದೆ, ಅಕ್ಕನ ಕೈಗೆ ಸಿಗದಂತೆ ಇರುತ್ತದೆ. ಧಾರವಾಡ ದಿನವಿಡೀ ಅದರಲ್ಲಿ ಹಾಡುತ್ತಲೇ ಇರುತ್ತದೆ. ಅಕ್ಕ ಬೇಕೆಂದಾಗ ತನ್ನ ಗುಂಡಿ ತಿರುವುತ್ತಾಳೆ, ಸಾಕೆಂದಾಗ ತಗ್ಗಿಸುತ್ತಾಳೆ. ಒಂದೇ ತೊಡಕು: ರಾತ್ರಿ ಪ್ರಸಾರ ಮುಗಿದಾಗ ಫೋನೂ ಸುಮ್ಮನಾಗುತ್ತದೆ, ಬೆಳಿಗ್ಗೆ ತಾನಾಗಿ ಏಳುವುದಿಲ್ಲ. ಯಾರಾದರೂ ಒತ್ತಬೇಕು. ಆ ಕೆಲಸವನ್ನು ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗಿ ವಹಿಸಿಕೊಂಡಳು. ಹಾಲು ತರಲು ಹೊರಡುವಾಗ ಬಂದು ಒತ್ತಿ ಹೋಗುತ್ತಾಳೆ. ಮೊದಮೊದಲು ಒತ್ತಿ ಓಡುತ್ತಿದ್ದಳು. ಈಗ ಶಾಲೆಗೆ ಹೊತ್ತಾಗುವವರೆಗೂ ಕೂತು ಕೇಳುತ್ತಾಳಂತೆ, ಅಕ್ಕ ಅವಳ ಜಡೆ ಹೆಣೆಯುತ್ತಾಳಂತೆ. ಕಣ್ಣು ಕಾಣದಿದ್ದರೂ ಜಡೆ ನೆಟ್ಟಗೆ ಬರುತ್ತದೆ.

ಒಂದು ದಿನ ಆ ಹುಡುಗಿ ನನಗೆ ಫೋನ್ ಮಾಡಿ ದೂರಿದಳು: “ಅಜ್ಜಾ, ನಿಮ್ಮ ರೇಡಿಯೋ ತಡಾ ಐತಿ. ವಾರ್ತಾ ಶುರು ಆಗೂದರಾಗ ನಮ್ಮ ಗಡಿಯಾರ ಮುಂದ ಹೋಗಿರತೈತಿ.” ಅವಳು ಹೇಳಿದ್ದು ನಿಜ. ಬಾನಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಧಾರವಾಡದಿಂದ ಬರಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಇಂಟರ್ನೆಟ್ಟಿನಲ್ಲಿ ದನಿಯನ್ನು ಅಂಕಿಗಳಾಗಿಸಿ, ತುಂಡು ಮಾಡಿ ದೂರದ ಕಂಪ್ಯೂಟರಿಗೆ ಕಳಿಸಿ, ಅಲ್ಲಿಂದ ಫೋನಿಗೆ ತಂದು, ನಡುವೆ ಕಡಿಯದಿರಲೆಂದು ಕೆಲವು ತುಂಡು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತಾರೆ. ನಿಮ್ಮಲ್ಲಿ ಮಾಮೂಲಿ ರೇಡಿಯೋ ಇದ್ದರೆ ಅದನ್ನೂ ಆಪ್‌ನ್ನೂ ಒಂದೇ ಕೇಂದ್ರಕ್ಕೆ ಹಚ್ಚಿ ಕೇಳಿ. ಒಂದೇ ಮಾತು ಎರಡು ಸಲ ಬರುತ್ತದೆ. ಎಷ್ಟು ಸೆಕೆಂಡ್ ಅಂತರ ಎಂದು ಎಣಿಸಿ ನೋಡಿ. ಗಡಿಯಾರ ಮಾತ್ರ ಆಪ್ ನೋಡಿ ಸರಿಪಡಿಸಬೇಡಿ.

ಹಿರಿಯರಿಗೆ ಒಂದು ಎಚ್ಚರಿಕೆ. ಹಳೆಯ ಫೋನನ್ನು ದಿನವಿಡೀ ಚಾರ್ಜಿಗೆ ಹಾಕಿದರೆ ಬಿಸಿಯಾಗುತ್ತದೆ. ಹಾಸಿಗೆ, ದಿಂಬು, ಬಟ್ಟೆಯ ಮೇಲೆ ಇಡಬೇಡಿ. ಕವರ್ ಬಿಚ್ಚಿ ಹಲಗೆಯ ಮೇಲೋ ಕಲ್ಲಿನ ಮೇಲೋ ಇಡಿ, ರಾತ್ರಿ ಪ್ಲಗ್ ತೆಗೆಯಿರಿ. ಬೆನ್ನು ಉಬ್ಬಿದಂತೆ ಕಂಡರೆ ಆ ಬ್ಯಾಟರಿಯನ್ನು ಅಂದೇ ಬಿಟ್ಟುಬಿಡಿ. ಅಕ್ಕನ ಮನೆಯಲ್ಲಿ ಫೋನ್ ಗೋಡೆಯ ಗೂಡಿನಲ್ಲಿದೆ. ರಾತ್ರಿ ಪ್ಲಗ್ ತೆಗೆಯುವುದೂ ಆ ಹುಡುಗಿಯ ಪಾಲಿಗೇ ಬಂದಿದೆ.

ಒಟ್ಟು ಖರ್ಚು 150 ರೂಪಾಯಿ ಮತ್ತು ಬಸ್ ಚಾರ್ಜು. ವ್ಯರ್ಥವಾದ ಬ್ಲೂಟೂತ್ ಸ್ಪೀಕರಿನ 600ನ್ನು ನಾನು ಬೇರೆ ಖಾತೆಗೆ ಹಾಕಿದ್ದೇನೆ.

ಮೊನ್ನೆ ಗಾಳಿಮಳೆಗೆ ಅಕ್ಕನ ಊರಿನಲ್ಲಿ ಎರಡು ದಿನ ಕರೆಂಟ್ ಹೋಯಿತು. ವೈಫೈ ಹೋಯಿತೆಂದರೆ ರೇಡಿಯೋವೂ ಹೋಯಿತು ಎಂದು ಗಾಬರಿಯಿಂದ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಯಾರೋ ಹಾಡುತ್ತಿದ್ದರು.

“ಸೆಲ್ ಹಾಕಿ ಹಳೇ ಮುಳ್ಳಿಗೇ ಹಚ್ಚೀನೋ” ಎಂದಳು ಅಕ್ಕ. “ಕರೆಂಟ್ ಇಲ್ಲಂದ್ರ ಊರಾಗ ಒಂದ್ ಬಲ್ಬಿಲ್ಲ, ಗರ್ರ್ ಇಲ್ಲ. ಮೊದಲಿನ ಹಂಗ ಬರಾಕತ್ತೈತಿ ಧಾರವಾಡ. ಈಗ ಇಡು, ಹಾಡ ಮುಗೀಲಿ.”