ಗಾಳಿಗೆ ತೂಗುವ ಸಿಹಿ: ಅವಾಜಿ ದ್ವೀಪದ ಈರುಳ್ಳಿ

ಜಪಾನಿನ ಅವಾಜಿ ದ್ವೀಪದ ದಕ್ಷಿಣಕ್ಕೆ ಜೂನ್ ತಿಂಗಳಲ್ಲಿ ಹೋದರೆ, ಗದ್ದೆಗಳ ನಡುವೆ ಗೋಡೆಯಿಲ್ಲದ ಕೊಟ್ಟಿಗೆಗಳು ಕಾಣುತ್ತವೆ. ಮೇಲೊಂದು ಮಾಡು, ಕೆಳಗೆ ಕಂಬಗಳು, ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಕಟ್ಟಿದ ಗಳುಗಳು. ಗಳುಗಳ ತುಂಬ ಜುಟ್ಟು ಹಿಡಿದು ಕಟ್ಟಿದ ಈರುಳ್ಳಿ ಗೊಂಚಲು. ಊರವರು ಇದನ್ನು ‘ತಮಾನೆಗಿ ಗೊಯಾ’, ಅಂದರೆ ಈರುಳ್ಳಿ ಕೊಟ್ಟಿಗೆ ಎನ್ನುತ್ತಾರೆ. ಸಮುದ್ರದ ಗಾಳಿ ಎತ್ತಲಿಂದ ಬಂದರೂ ಗೊಂಚಲುಗಳ ಸಂದಿಯಲ್ಲಿ ಹಾಯ್ದುಹೋಗಲಿ ಎಂದೇ ಗೋಡೆ ಬಿಟ್ಟಿದ್ದಾರೆ.

ಹೋನ್ಶು ಮತ್ತು ಶಿಕೋಕು ದ್ವೀಪಗಳ ನಡುವೆ ಇರುವ ಅವಾಜಿ ಹ್ಯೋಗೋ ಪ್ರಾಂತಕ್ಕೆ ಸೇರಿದ್ದು. 712ರ ‘ಕೊಜಿಕಿ’ ಗ್ರಂಥದ ಪ್ರಕಾರ ಇಜಾನಾಗಿ, ಇಜಾನಾಮಿ ದೇವದಂಪತಿ ಹೆತ್ತ ದ್ವೀಪಗಳಲ್ಲಿ ಇದೇ ಚೊಚ್ಚಲು. ಹಿಂದೆ ಅರಮನೆಯ ಅಡುಗೆಮನೆಗೆ ಮೀನು, ಉಪ್ಪು ಕಳಿಸುತ್ತಿದ್ದ ನಾಡು. ಈರುಳ್ಳಿ ಮಾತ್ರ ಇಲ್ಲಿಗೆ ಹೊಸ ನೆಂಟ. ಜಪಾನೀಯರಿಗೆ ಮೊದಲಿನಿಂದ ಗೊತ್ತಿದ್ದದ್ದು ಉದ್ದ ಕಾಂಡದ ‘ನೆಗಿ’. ಪಶ್ಚಿಮದಿಂದ ಗೆಡ್ಡೆ ಬಂದಾಗ ಅದಕ್ಕೆ ‘ತಮಾನೆಗಿ’, ಅಂದರೆ ಗುಂಡು ನೆಗಿ ಎಂದು ಹೆಸರಿಟ್ಟರು. ಅವಾಜಿಯಲ್ಲಿ ಇದನ್ನು ಪ್ರಯೋಗಕ್ಕೆಂದು ಬೆಳೆದದ್ದು 1888ರಲ್ಲಿ. ಹೊಲಗಳಿಗೆ ಹಬ್ಬಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ.

ಇದರ ಸಿಹಿಗೆ ತಳಿಯಷ್ಟೇ ಕಾರಣವೆಂದು ನನಗೆ ಅನಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಬೀಜ ಬಿತ್ತಿ, ಭತ್ತ ಕುಯ್ದ ಗದ್ದೆಗೆ ಚಳಿಗಾಲದ ಹೊತ್ತಿಗೆ ಸಸಿ ನೆಡುತ್ತಾರೆ. ಕಡಲು ಸುತ್ತುವರಿದ ನೆಲದಲ್ಲಿ ಚಳಿ ಹದವಾಗಿರುತ್ತದೆ. ಗೆಡ್ಡೆ ಅವಸರವಿಲ್ಲದೆ ಬಲಿಯುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಕೀಳುವ ಕೆಲಸ, ಹಿಂದೆಯೇ ಅದೇ ಮಣ್ಣಿಗೆ ನೀರು ಕಟ್ಟಿ ಭತ್ತದ ನಾಟಿ. ಭತ್ತದ ಹುಲ್ಲು ದನಗಳಿಗೆ, ದನದ ಗೊಬ್ಬರ ಮತ್ತೆ ಈರುಳ್ಳಿಗೆ. ಮಳೆ ಕಡಿಮೆಯಾದ್ದರಿಂದ ರೈತರೇ ಕೂಡಿ ನೋಡಿಕೊಳ್ಳುವ ಸಾವಿರಾರು ಕೆರೆಗಳು ಈ ಚಕ್ರಕ್ಕೆ ನೀರುಣಿಸುತ್ತವೆ. ಭತ್ತ, ಈರುಳ್ಳಿ, ದನ ಮೂರೂ ಒಂದನ್ನೊಂದು ಸಾಕುವ ಈ ಪದ್ಧತಿಗೆ 2021ರಲ್ಲಿ ಜಪಾನ್ ಸರ್ಕಾರ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿತು. ಸಲ್ಲಬೇಕಾದದ್ದೇ ಸಂದಿತು.

ಈರುಳ್ಳಿಯ ಖಾರಕ್ಕೆ ಕಾರಣ ಗಂಧಕದ ಸಂಯುಕ್ತಗಳು. ಅವು ಕಡಿಮೆಯಿದ್ದರೆ ಒಳಗಿನ ಸಕ್ಕರೆ ನಾಲಿಗೆಗೆ ಸಿಗುತ್ತದೆ. ಜಪಾನಿನ ಮನೆಗಳಲ್ಲಿ ಹಸಿ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಘಾಟು ಹೋಗಲೆಂದು ನೀರಿನಲ್ಲಿ ನೆನೆಸುವುದು ವಾಡಿಕೆ. ಅವಾಜಿಯ ಹೊಸ ಈರುಳ್ಳಿಗೆ ಆ ಸ್ನಾನ ಬೇಕಾಗಿಲ್ಲ. ಒಣಮೀನಿನ ಹೆರಕಲು ಉದುರಿಸಿ ಹಾಗೆಯೇ ತಿನ್ನುತ್ತಾರೆ.

ದ್ವೀಪಕ್ಕೂ ಈ ಗೆಡ್ಡೆಯ ಮೇಲೆ ಮಮತೆ. ನರುತೋ ಜಲಸಂಧಿಯ ಸುಳಿಗಳನ್ನು ನೋಡಲು ಪ್ರವಾಸಿಗರು ಬರುವ ಗುಡ್ಡದ ಮೇಲೆ ಆಳೆತ್ತರ ಮೀರಿದ ಈರುಳ್ಳಿಯ ಪ್ರತಿಮೆಯಿದೆ. ಈರುಳ್ಳಿ ಟೋಪನ್ ತೊಟ್ಟು ಅದರ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. 1998ರಲ್ಲಿ ಅಕಾಶಿ ಸೇತುವೆ ತೆರೆದ ಮೇಲೆ ಕೋಬೆಯಿಂದ ರಸ್ತೆಯಲ್ಲೇ ಇಲ್ಲಿಗೆ ಬರಬಹುದು.

ಕೊಟ್ಟಿಗೆಗಳು ಮಾತ್ರ ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಒಂದೊಂದೇ ಗೊಂಚಲು ಕಟ್ಟಿ ಗಳುವಿಗೇರಿಸುವುದು ಬೆನ್ನು ಬೇಡುವ ಕೆಲಸ, ರೈತರಿಗೆ ವಯಸ್ಸಾಗಿದೆ, ಶೀತಲಗೃಹಗಳು ಬಂದಿವೆ. ಆದರೂ ಬೇಸಿಗೆಯಲ್ಲಿ ಕೆಲವು ಮಾಡುಗಳ ಕೆಳಗೆ ಕೆಂಗಂದು ಗೊಂಚಲುಗಳು ಇನ್ನೂ ತೂಗುತ್ತಿರುತ್ತವೆ, ಸಿಪ್ಪೆ ಒಣಗುತ್ತ, ಶರತ್ಕಾಲದ ಮಾರುಕಟ್ಟೆಗೆ ಕಾಯುತ್ತ.