ಬೆಳಕಿನ ಪ್ರಸ್ತಾರ

ಡಿಜಿಟಲ್ ದೂರದರ್ಶನವೆಂದೊಡನೆ ನಿಚ್ಚಳವಾದ ಚಿತ್ರವೊಂದು ನಮ್ಮ ಮನಸ್ಸಿಗೆ ಬರುತ್ತದೆ. ಆ ನಿಚ್ಚಳತೆ ಅದರ ಫಲ. ಅದರ ಸ್ವರೂಪವನ್ನು ಅರಿಯಬೇಕಾದರೆ ಮೊದಲು ಹಳೆಯ ಅನಲಾಗ್ ಪದ್ಧತಿಯನ್ನು ನೆನೆಯಬೇಕು. ಅಲ್ಲಿ ದೃಶ್ಯದ ಬೆಳಕಿನ ಏರಿಳಿತವನ್ನು ವಿದ್ಯುತ್ತಿನ ಅಲೆ ತನ್ನ ಆಕಾರದಲ್ಲಿಯೇ ಹೊತ್ತು ಸಾಗುತ್ತಿತ್ತು. ದಾರಿಯಲ್ಲಿ ಆ ಅಲೆಗೆ ಬೆರೆತ ಗದ್ದಲವೂ ಚಿತ್ರದ ಭಾಗವೇ ಆಗಿಬಿಡುತ್ತಿತ್ತು. ಡಿಜಿಟಲ್ ಪದ್ಧತಿಯಾದರೋ ಬೆಳಕನ್ನು ಕ್ಷಣಕ್ಷಣಕ್ಕೂ ಅಳೆದು, ಆ ಅಳತೆಯನ್ನು ಅಂಕಿಗಳಾಗಿ ಕಳುಹಿಸುತ್ತದೆ.

ಅಂಕಿಗಳನ್ನು ಬರೆಯಲು ಸೊನ್ನೆ, ಒಂದು ಎಂಬ ಎರಡೇ ಚಿಹ್ನೆಗಳು ಸಾಕು. ಛಂದಸ್ಸನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಲಘು ಗುರುಗಳೆರಡನ್ನೇ ಹಿಡಿದು ಎಂಟು ಅಕ್ಷರಗಳ ಪಾದಕ್ಕೆ ಪ್ರಸ್ತಾರ ಹಾಕಿದರೆ 256 ವಿನ್ಯಾಸಗಳು ದೊರೆಯುತ್ತವೆ. ಎಂಟು ಬಿಟ್‌ಗಳಿಂದ ದೊರೆಯುವ ಬೆಳಕಿನ ಮೆಟ್ಟಿಲುಗಳೂ ಅಷ್ಟೇ. ಸ್ಟುಡಿಯೋಗಳ ಮಾನಕದಲ್ಲಿ ಕಪ್ಪಿಗೆ 16, ಬಿಳುಪಿಗೆ 235 ಎಂದು ಗೊತ್ತುಮಾಡಿ, ಎರಡು ಬದಿಗಳಲ್ಲೂ ಸ್ವಲ್ಪ ಅಂಚು ಬಿಟ್ಟಿದ್ದಾರೆ.

ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು? ಇಲ್ಲಿ ಒಂದು ತೊಡಕಿತ್ತು. ಭಾರತ ಮತ್ತು ಯೂರೋಪಿನ ಚಿತ್ರಕ್ಕೆ 625 ಗೆರೆಗಳು, ಅಮೆರಿಕ ಮತ್ತು ಜಪಾನಿನ ಚಿತ್ರಕ್ಕೆ 525. ಒಬ್ಬೊಬ್ಬರೂ ತಮತಮಗೆ ತೋಚಿದ ವೇಗವನ್ನು ಆರಿಸಿಕೊಂಡಿದ್ದರೆ ಹಳೆಯ ಒಡಕು ಹೊಸ ಯುಗದಲ್ಲೂ ಉಳಿಯುತ್ತಿತ್ತು. 1982ರಲ್ಲಿ ಅಂತರರಾಷ್ಟ್ರೀಯ ರೇಡಿಯೋ ಸಲಹಾ ಸಮಿತಿಯು ತನ್ನ 601ನೆಯ ಶಿಫಾರಸಿನಲ್ಲಿ ಸೆಕೆಂಡಿಗೆ 1 ಕೋಟಿ 35 ಲಕ್ಷ ಅಳತೆಗಳೆಂದು ನಿಗದಿಮಾಡಿತು. ಇದರಿಂದ ಒಂದು ಗೆರೆಗೆ ನಮ್ಮ ಪದ್ಧತಿಯಲ್ಲಿ 864, ಅವರ ಪದ್ಧತಿಯಲ್ಲಿ 858 ಅಳತೆಗಳು ಶೇಷವಿಲ್ಲದೆ ಬರುತ್ತವೆ. ಚಿತ್ರಕ್ಕೆ ಸಲ್ಲುವುದು ಎರಡರಲ್ಲೂ 720. ಭಿನ್ನ ಪದ್ಧತಿಗಳು ಒಂದು ಸಂಖ್ಯೆಯಲ್ಲಿ ಸಂಧಿಸಿದವು.

ನಮ್ಮ ಕಣ್ಣು ಬೆಳಕಿನಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗ್ರಹಿಸದು. ಆದುದರಿಂದ ಬಣ್ಣದ ಎರಡು ಸಂಕೇತಗಳಲ್ಲಿ ಒಂದೊಂದಕ್ಕೂ ಅರ್ಧದಷ್ಟು ಅಳತೆ ಸಾಕು. ಆದರೂ ಒಟ್ಟು ಮೊತ್ತ ಸೆಕೆಂಡಿಗೆ 21 ಕೋಟಿ 60 ಲಕ್ಷ ಬಿಟ್‌ಗಳು. ಇಷ್ಟನ್ನು ಮನೆಮನೆಗೆ ಪ್ರಸಾರ ಮಾಡುವುದು ದುಬಾರಿಯ ಕೆಲಸ. 1990ರ ದಶಕದಲ್ಲಿ ಬಂದ ಎಂಪೆಗ್-2 ಎಂಬ ಸಂಕೋಚನ ವಿಧಾನ ಇದಕ್ಕೆ ಉಪಾಯ ಒದಗಿಸಿತು. ವಾರ್ತೆ ಓದುವವರ ಹಿಂದಿನ ಗೋಡೆ ಬದಲಾಗದಿದ್ದರೆ ಅದನ್ನು ಮತ್ತೆ ಮತ್ತೆ ಪೂರ್ತಿಯಾಗಿ ಕಳುಹಿಸಬೇಕಾಗಿಲ್ಲ. ತುಟಿಯ ಚಲನೆಯನ್ನು ಕಳುಹಿಸಿದರೆ ಸಾಕು. ಕಣ್ಣಿಗೆ ಕಾಣದ ನವುರಾದ ವಿವರಗಳನ್ನೂ ಅದು ಕೈಬಿಡುತ್ತದೆ. ಹೀಗೆ ಕೋಟಿಗಳು ಹತ್ತಾರು ಲಕ್ಷಗಳಿಗೆ ಇಳಿಯುತ್ತವೆ.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಉಂಟು. ಅನಲಾಗ್ ಸಂಕೇತ ಕ್ಷೀಣಿಸಿದಾಗ ತೆರೆಯ ಮೇಲೆ ಹಿಮ ಸುರಿದಂತಾಗುತ್ತಿತ್ತು. ಮುಖ ಮಸುಕಾದರೂ ಮಾತು ಕೇಳುತ್ತಿತ್ತು. ಡಿಜಿಟಲ್ ಸಂಕೇತದೊಡನೆ ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳೂ ಬರುವುದರಿಂದ, ಅವುಗಳ ಶಕ್ತಿ ಮುಗಿಯುವವರೆಗೂ ಚಿತ್ರ ಅಚ್ಚುಕಟ್ಟಾಗಿಯೇ ಇರುತ್ತದೆ. ಆಮೇಲೆ ಅದು ಚೌಕಚೌಕವಾಗಿ ಒಡೆದು ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಸೂರಿನ ಮೇಲಿನ ಡಿಶ್ ಮೌನತಾಳುವುದನ್ನು ಕಂಡವರಿಗೆ ಇದು ಪರಿಚಿತ.

ಅನಲಾಗ್ ಚಿತ್ರ ತನ್ನ ವ್ಯಾಧಿಯನ್ನು ಮುಖದಲ್ಲೇ ತೋರುತ್ತಿತ್ತು. ಡಿಜಿಟಲ್ ಚಿತ್ರ ಪ್ರಪಾತದ ಅಂಚಿನಲ್ಲೂ ಆರೋಗ್ಯವಂತನಂತೆ ಕಾಣುತ್ತದೆ. ಆದಕಾರಣ ಇಂದಿನ ಎಂಜಿನಿಯರು ತೆರೆಯ ಅಂದವನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಒಳಗೆ ಎಷ್ಟು ತಪ್ಪುಗಳು ತಿದ್ದುಪಡಿಯಾಗುತ್ತಿವೆ, ಅಂಚು ಇನ್ನೆಷ್ಟು ದೂರವಿದೆ ಎಂಬುದನ್ನು ಅವನು ಎಣಿಸುತ್ತಲೇ ಇರಬೇಕು. ನೋಡುವ ಕೆಲಸ ನಮ್ಮದು. ಎಣಿಸುವ ಕೆಲಸ ಅವನದು.